ನಂಬಿಕೆಯ ಆಧಾರ ಎಲ್ಲಿದೆ? ದೈವಶಾಸ್ತ್ರೀಯ ಉದಾರವಾದ ಮತ್ತು ಸಾಂಪ್ರದಾಯಿಕ ಕ್ರೈಸ್ತ ವಿಶ್ವಾಸ

ಬೆಂಗಳೂರಿನ ಕನ್ನಡ ಸಭೆಗಳಲ್ಲಿ ಯಾರಾದರೊಬ್ಬ ಸಭಾಪಾಲಕರ ಬಗ್ಗೆ ‘ಅವರು ಲಿಬರಲ್’ ಎಂಬ ಮಾತು ಬಂದರೆ ಅದು ಹೊಗಳಿಕೆಯಾಗಿರುವುದು ಅಪರೂಪ. ಅವರು ಅದ್ಭುತಕಾರ್ಯಗಳನ್ನು ನಂಬುವುದಿಲ್ಲ, ಸತ್ಯವೇದದ ಮಾತನ್ನು ಇದ್ದಂತೆ ಒಪ್ಪುವುದಿಲ್ಲ, ಎಲ್ಲ ಧರ್ಮಗಳೂ ಒಂದೇ ಎನ್ನುತ್ತಾರೆ ಎಂಬುದು ಕೇಳಿದವರು ಮಾಡಿಕೊಳ್ಳುವ ಅರ್ಥ. ಈ ಅರ್ಥ ಪೂರ್ತಿ ತಪ್ಪೇನೂ ಅಲ್ಲ, ಆದರೆ ವಿಷಯದ ಬೇರು ಇದಕ್ಕಿಂತ ಆಳದಲ್ಲಿದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಜರ್ಮನಿಯಲ್ಲಿ ರೂಪುಗೊಂಡ ದೈವಶಾಸ್ತ್ರೀಯ ಉದಾರವಾದವು ಏನನ್ನು ನಂಬಬೇಕು ಎಂದು ಕೇಳುವುದಕ್ಕೂ ಮೊದಲು, ನಂಬಿಕೆ ಯಾವುದರ ಆಧಾರದ ಮೇಲೆ ನಿಲ್ಲಬೇಕು ಎಂದು ಕೇಳಿತು. ಆ ಒಂದು ಪ್ರಶ್ನೆಗೆ ಅದು ಕೊಟ್ಟ ಉತ್ತರದಿಂದಲೇ ಉಳಿದ ಎಲ್ಲ ವಿವಾದಗಳೂ ಹುಟ್ಟಿದವು. ಆದ್ದರಿಂದ ಕನ್ಯಾಜನನವನ್ನು ಒಪ್ಪುವಿರೋ ಇಲ್ಲವೋ, ನೋಹನ ನಾವೆಯನ್ನು ನಂಬುವಿರೋ ಇಲ್ಲವೋ ಎಂದು ಒಂದೊಂದೇ ಅಂಶವನ್ನು ಹಿಡಿದು ವಾದಿಸುವವರು ಎಷ್ಟು ವಾದಿಸಿದರೂ ಅದರ ಸವಾಲಿನ ತಿರುಳಿಗೆ ಬಂದು ತಲುಪುವುದಿಲ್ಲ.

ಸಾಂಪ್ರದಾಯಿಕ ವಿಶ್ವಾಸ ಎಂದರೇನೆಂದು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಕಥೋಲಿಕರು, ಆರ್ಥೊಡಾಕ್ಸ್ ಸಭೆಯವರು ಮತ್ತು ಪ್ರೊಟೆಸ್ಟೆಂಟರು ತಮ್ಮೊಳಗೆ ಎಷ್ಟೇ ಭಿನ್ನರಾಗಿದ್ದರೂ ಒಂದು ವಿಷಯದಲ್ಲಿ ಅವರೆಲ್ಲರ ಮಾತು ಒಂದೇ. ದೇವರು ತನ್ನನ್ನು ತಾನೇ ಮನುಷ್ಯರಿಗೆ ತಿಳಿಯಪಡಿಸಿದ್ದಾನೆ. ಆ ಪ್ರಕಟನೆ ಪ್ರವಾದಿಗಳ ಮೂಲಕ, ಕೊನೆಗೆ ಯೇಸು ಕ್ರಿಸ್ತನಲ್ಲಿ ನಡೆದಿದೆ. ಅದಕ್ಕೆ ಸತ್ಯವೇದವು ಸಾಕ್ಷಿ. 325ರ ನೈಸೀಯ ಮಹಾಸಭೆ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯಿಂದ ಬಂದ ವಿಶ್ವಾಸಪ್ರಮಾಣವು ಅದರ ಸಾರ. ಮನುಷ್ಯನ ಕೆಲಸವೇನಿದ್ದರೂ ಆ ಪ್ರಕಟನೆಯನ್ನು ಕೇಳುವುದು, ಒಪ್ಪುವುದು, ಅದಕ್ಕೆ ವಿಧೇಯನಾಗುವುದು. ಅಂದರೆ ನಂಬಿಕೆಯ ಅಧಿಕಾರವು ಮನುಷ್ಯನ ಹೊರಗಿನಿಂದ ಬರುತ್ತದೆ. ಅದನ್ನು ಕೊನೆಯದಾಗಿ ಅರ್ಥೈಸುವ ಹಕ್ಕು ಪೋಪ್ ಅವರಿಗೆ ಸೇರಿದ್ದೋ, ಸತ್ಯವೇದವೊಂದೇ ಸಾಕೋ ಎಂಬ ಹಳೆಯ ಜಗಳವು ಈ ಒಪ್ಪಿಗೆಯ ಒಳಗೇ ನಡೆದ ಜಗಳ.

ಈ ಚೌಕಟ್ಟನ್ನು ಅಲುಗಿಸಿದವರಲ್ಲಿ ಮುಖ್ಯರಾದ ಫ್ರೀಡ್‌ರಿಶ್ ಶ್ಲೈಯರ್‌ಮಾಖರ್ ಸಭೆಯ ಶತ್ರುವಾಗಿರಲಿಲ್ಲ. 1768ರಲ್ಲಿ ಹುಟ್ಟಿದ ಅವರು ಸೈನ್ಯದ ಧರ್ಮೋಪದೇಶಕರೊಬ್ಬರ ಮಗ. ಮೊರೇವಿಯನ್ ಭಕ್ತಸಮುದಾಯದ ಶಾಲೆಗಳಲ್ಲಿ ಪ್ರಾರ್ಥನೆ, ಹಾಡು ಮತ್ತು ಆತ್ಮಪರೀಕ್ಷೆಗಳ ನಡುವೆ ಬೆಳೆದವರು. 1787ರ ಜನವರಿಯಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಅವರು ತಂದೆಗೆ ಬರೆದ ಪತ್ರ ಇಂದಿಗೂ ಉಳಿದಿದೆ. ತನ್ನನ್ನು ಮನುಷ್ಯಕುಮಾರನೆಂದು ಮಾತ್ರ ಕರೆದುಕೊಂಡವನೇ ನಿತ್ಯನಾದ ನಿಜದೇವರೆಂದು ನಂಬಲು ತನ್ನಿಂದ ಆಗುತ್ತಿಲ್ಲ, ಆತನ ಮರಣವು ನಮ್ಮ ಬದಲಾಗಿ ಸಲ್ಲಿಸಿದ ಪ್ರಾಯಶ್ಚಿತ್ತವೆಂದೂ ನಂಬಲಾಗುತ್ತಿಲ್ಲ ಎಂದು ಅವರು ಅದರಲ್ಲಿ ತೋಡಿಕೊಂಡಿದ್ದಾರೆ. ತಂದೆಗೆ ಅದರಿಂದ ಆದ ಸಂಕಟ ಸಣ್ಣದಲ್ಲ. ಆದರೂ ಮಗ ಧರ್ಮವನ್ನು ಬಿಟ್ಟು ಹೋಗಲಿಲ್ಲ. ಸಭಾಪಾಲಕರಾದರು, ಬರ್ಲಿನ್ ವಿಶ್ವವಿದ್ಯಾಲಯ 1810ರಲ್ಲಿ ಆರಂಭವಾದಾಗ ಅಲ್ಲಿ ದೈವಶಾಸ್ತ್ರದ ಪ್ರಾಧ್ಯಾಪಕರಾದರು, ಜೀವನದ ಕೊನೆಯವರೆಗೂ ಪ್ರಸಂಗಪೀಠದಿಂದ ಬೋಧಿಸಿದರು.

ಧರ್ಮವನ್ನು ಕೀಳಾಗಿ ಕಾಣುತ್ತಿದ್ದ ವಿದ್ಯಾವಂತರನ್ನು ಉದ್ದೇಶಿಸಿ 1799ರಲ್ಲಿ ಅವರು ಪ್ರಕಟಿಸಿದ ಭಾಷಣರೂಪದ ಗ್ರಂಥದ ವಾದ ಹೀಗಿದೆ: ಧರ್ಮವೆಂದರೆ ಸಿದ್ಧಾಂತಗಳ ಪಟ್ಟಿಯೂ ಅಲ್ಲ, ನೀತಿಸಂಹಿತೆಯೂ ಅಲ್ಲ; ಅನಂತದ ಮುಂದೆ ಮನುಷ್ಯನಲ್ಲಿ ಮೂಡುವ ಒಂದು ಮೂಲಭೂತ ಅರಿವು ಅದು. ಮುಂದೆ ಅವರು ಇದನ್ನೇ ದೇವರ ಮೇಲಿನ ಸಂಪೂರ್ಣ ಅವಲಂಬನೆಯ ಭಾವ ಎಂದು ಕರೆದರು. ಇಲ್ಲಿ ಭಾವವೆಂದರೆ ಕ್ಷಣಿಕವಾದ ಭಾವೋದ್ವೇಗವಲ್ಲ, ನಾನು ನನ್ನಿಂದಲೇ ಉಂಟಾದವನಲ್ಲ ಎಂಬ, ಯೋಚನೆಗೂ ಕ್ರಿಯೆಗೂ ಹಿಂದಿರುವ ಅರಿವು. ವಚನಕಾರರ ಮತ್ತು ದಾಸರ ಪರಂಪರೆಯನ್ನು ಬಲ್ಲ ಕನ್ನಡಿಗರಿಗೆ, ಗ್ರಂಥಪ್ರಮಾಣಕ್ಕಿಂತ ಸ್ವಾನುಭವ ದೊಡ್ಡದು ಎಂಬ ಮಾತು ಹೊಸದೆನಿಸಲಾರದು. ಆದರೆ ಕ್ರೈಸ್ತ ಸಿದ್ಧಾಂತದ ಕಟ್ಟಡದಲ್ಲಿ ಅದರ ಪರಿಣಾಮ ಬಹಳ ದೊಡ್ಡದಾಯಿತು. ಸಿದ್ಧಾಂತಗಳು ದೇವರು ನೀಡಿದ ಮಾಹಿತಿಯಾಗಿ ಉಳಿಯದೆ, ಭಕ್ತಸಮುದಾಯದ ಅನುಭವವನ್ನು ಮಾತಿನಲ್ಲಿ ಹಿಡಿಯುವ ಪ್ರಯತ್ನಗಳಾದವು. ಅನುಭವವನ್ನು ನೇರವಾಗಿ ಹೇಳದ ಸಿದ್ಧಾಂತಗಳು ತಾವಾಗಿಯೇ ಹಿಂದೆ ಸರಿದವು. ಶ್ಲೈಯರ್‌ಮಾಖರ್ ತಮ್ಮ ಮಹಾಕೃತಿಯಲ್ಲಿ ತ್ರಯೇಕತ್ವದ, ಅಂದರೆ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಲ್ಲಿ ಇರುವವನು ಒಬ್ಬನೇ ದೇವರು ಎಂಬ ವಿಚಾರವನ್ನು ಕೊನೆಯ ಕೆಲವು ಪುಟಗಳಿಗೆ ಇರಿಸಿದ್ದು ಆಕಸ್ಮಿಕವಲ್ಲ.

ಉದಾರವಾದದ ಎರಡನೆಯ ಬೇರು ಇತಿಹಾಸ. ಇದನ್ನು ಅರಿಯುವುದಕ್ಕೆ ಜರ್ಮನ್ ಪಂಡಿತರ ಸಂಪುಟಗಳನ್ನು ಓದಬೇಕಾಗಿಲ್ಲ, ಮನೆಯಲ್ಲಿರುವ ಕನ್ನಡ ಸತ್ಯವೇದದಲ್ಲಿ ಆದಿಕಾಂಡದ 6ರಿಂದ 8ನೆಯ ಅಧ್ಯಾಯದವರೆಗೆ ನಿಧಾನವಾಗಿ ಓದಿದರೆ ಸಾಕು. ಆರನೆಯ ಅಧ್ಯಾಯದಲ್ಲಿ ನೋಹನಿಗೆ ಬರುವ ಅಪ್ಪಣೆಯೆಂದರೆ ಪ್ರತಿಯೊಂದು ಜಾತಿಯ ಜೀವಿಗಳಲ್ಲಿ ಒಂದು ಗಂಡು, ಒಂದು ಹೆಣ್ಣು, ಹೀಗೆ ಎರಡೆರಡನ್ನು ನಾವೆಯಲ್ಲಿ ಸೇರಿಸಿಕೊಳ್ಳಬೇಕು. ಏಳನೆಯ ಅಧ್ಯಾಯದ ಆರಂಭದಲ್ಲಿ ಶುದ್ಧ ಪ್ರಾಣಿಗಳಾದರೆ ಏಳೇಳು, ಅಶುದ್ಧ ಪ್ರಾಣಿಗಳಾದರೆ ಎರಡೆರಡು ಎಂಬ ಬೇರೆಯೇ ಅಪ್ಪಣೆ ಇದೆ. ಒಂದು ಕಡೆ ಮಳೆ ನಲವತ್ತು ದಿನ ಹಗಲಿರುಳು ಸುರಿಯುತ್ತದೆ. ಇನ್ನೊಂದು ಕಡೆ ನೂರೈವತ್ತು ದಿನ ನೀರು ಭೂಮಿಯ ಮೇಲೆ ಪ್ರಬಲವಾಗಿಯೇ ಇರುತ್ತದೆ. ಕೆಲವು ವಾಕ್ಯಗಳು ‘ದೇವರು’ ಎಂದರೆ ಕೆಲವು ‘ಯೆಹೋವ’ ಎನ್ನುತ್ತವೆ. ಈ ವ್ಯತ್ಯಾಸಗಳು ಅಲ್ಲಲ್ಲಿ ಚದುರಿದ್ದರೆ ಅಷ್ಟು ಮುಖ್ಯವಾಗುತ್ತಿರಲಿಲ್ಲ. ಆದರೆ ‘ದೇವರು’ ಎನ್ನುವ ವಾಕ್ಯಗಳನ್ನು ಒಂದೆಡೆ, ‘ಯೆಹೋವ’ ಎನ್ನುವ ವಾಕ್ಯಗಳನ್ನು ಇನ್ನೊಂದೆಡೆ ಇಟ್ಟು ಓದಿದರೆ, ಎರಡೆರಡು ಪ್ರಾಣಿಗಳ ಅಪ್ಪಣೆಯೂ ನೂರೈವತ್ತು ದಿನಗಳ ಲೆಕ್ಕವೂ ಮೊದಲ ಗುಂಪಿಗೆ ಸೇರುತ್ತವೆ. ಏಳೇಳರ ಅಪ್ಪಣೆಯೂ ನಲವತ್ತು ದಿನಗಳ ಲೆಕ್ಕವೂ ಎರಡನೆಯದಕ್ಕೆ ಸೇರುತ್ತವೆ. ಹೀಗೆ ಬಹುಮಟ್ಟಿಗೆ ಪೂರ್ಣವಾದ ಎರಡು ಜಲಪ್ರಳಯದ ಕಥನಗಳು ಬಿಡಿಬಿಡಿಯಾಗಿ ಎದ್ದು ನಿಲ್ಲುತ್ತವೆ.

ಇಂಥ ಅವಲೋಕನಗಳಿಂದ ಹೊರಟ ಪಂಡಿತರು ಸತ್ಯವೇದದ ಮೊದಲ ಐದು ಪುಸ್ತಕಗಳಾದ ಮೋಶೆಯ ಪಂಚಗ್ರಂಥಗಳು ಒಬ್ಬನೇ ಬರೆದವುಗಳಲ್ಲ, ಬೇರೆ ಬೇರೆ ಶತಮಾನಗಳ ಆಕರಗಳನ್ನು ಹೆಣೆದು ಮಾಡಿದವು ಎಂಬ ನಿರ್ಣಯಕ್ಕೆ ಬಂದರು. ಯೂಲಿಯುಸ್ ವೆಲ್‌ಹೌಸನ್ 1878ರಲ್ಲಿ ಆ ವಾದಕ್ಕೆ ಪ್ರಸಿದ್ಧವಾದ ರೂಪವನ್ನು ಕೊಟ್ಟರು. ಅವರ ವಿವರಗಳಲ್ಲಿ ಅನೇಕವನ್ನು ನಂತರದ ವಿದ್ವಾಂಸರು ಕೈಬಿಟ್ಟಿದ್ದರೂ, ಅನೇಕ ಆಕರಗಳಿವೆ ಎಂಬ ಮೂಲ ನಿರ್ಣಯವನ್ನು ವಿಶ್ವವಿದ್ಯಾಲಯಗಳ ಬೈಬಲ್ ಅಧ್ಯಯನದಲ್ಲಿ ಬಹುತೇಕರು ಒಪ್ಪುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ವೆಲ್‌ಹೌಸನ್ 1882ರಲ್ಲಿ ಗ್ರೈಫ್ಸ್‌ವಾಲ್ಡ್‌ನ ದೈವಶಾಸ್ತ್ರ ವಿಭಾಗದ ತಮ್ಮ ಹುದ್ದೆಗೆ ತಾವಾಗಿಯೇ ರಾಜೀನಾಮೆ ಕೊಟ್ಟರು. ತಮ್ಮ ಪಾಠವು ವಿದ್ಯಾರ್ಥಿಗಳನ್ನು ಸಭೆಯ ಸೇವೆಗೆ ಸಿದ್ಧಗೊಳಿಸುವ ಬದಲು ಅದಕ್ಕೆ ಅನರ್ಹರನ್ನಾಗಿ ಮಾಡುತ್ತಿದೆ ಎಂಬುದು ಅವರ ಮನಸ್ಸಾಕ್ಷಿಯ ಮಾತಾಗಿತ್ತು. ತರಗತಿಗೂ ಪ್ರಸಂಗಪೀಠಕ್ಕೂ ನಡುವಿನ ಆ ಬಿರುಕು ಇಂದಿಗೂ ಮುಚ್ಚಿಲ್ಲ.

ಈ ಪ್ರಶ್ನೆಗಳು ಯೂರೋಪಿನ ಪಂಡಿತರ ಕೋಣೆಗಳಿಂದಲೇ ಬಂದವೆಂಬ ಅಭಿಪ್ರಾಯವೂ ಪೂರ್ತಿ ಸರಿಯಲ್ಲ. ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದ ಆಂಗ್ಲಿಕನ್ ಬಿಷಪ್ ಜಾನ್ ವಿಲಿಯಂ ಕೊಲೆನ್ಸೊ ಆದಿಕಾಂಡವನ್ನು ಜುಲು ಭಾಷೆಗೆ ತರುತ್ತಿದ್ದಾಗ, ಜಲಪ್ರಳಯದ ಕಥೆಯ ಹತ್ತಿರ ಬಂದಾಗ, ಅವರ ಜುಲು ಸಹಾಯಕ ‘ಇದೆಲ್ಲ ನಿಜವೇ?’ ಎಂದು ಕೇಳಿದ. ಪ್ರಾಮಾಣಿಕವಾಗಿ ‘ಹೌದು’ ಎನ್ನಲು ಬಿಷಪ್ ಅವರಿಂದ ಆಗಲಿಲ್ಲ. 1862ರಿಂದ ಅವರು ಪಂಚಗ್ರಂಥಗಳ ಬಗ್ಗೆ ಬರೆದದ್ದಕ್ಕಾಗಿ ಕೊಲೆನ್ಸೊ ಅವರನ್ನು ಕೇಪ್‌ಟೌನಿನ ಬಿಷಪ್ ಪದಚ್ಯುತಗೊಳಿಸಿದರು. ಆ ಆದೇಶ ಊರ್ಜಿತವಲ್ಲವೆಂದು 1865ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು.

ಹಳೆಯ ಒಡಂಬಡಿಕೆಯ ಮೇಲೆ ನಡೆದ ಇಂಥ ವಿಮರ್ಶೆಯನ್ನು ಅನೇಕರು ಹೇಗೋ ಸಹಿಸಿಕೊಂಡರು, ಆದರೆ ಅದು ಸುವಾರ್ತೆಗಳ ಕಡೆ ತಿರುಗಿದಾಗ ಗಾಯ ಆಳವಾಯಿತು. ಡೇವಿಡ್ ಫ್ರೀಡ್‌ರಿಶ್ ಸ್ಟ್ರೌಸ್ 1835ರಲ್ಲಿ ಪ್ರಕಟಿಸಿದ ಯೇಸುವಿನ ಜೀವನಚರಿತ್ರೆಯ ವಿಮರ್ಶೆಯ ಪ್ರಕಾರ ಸುವಾರ್ತೆಗಳಲ್ಲಿರುವ ಅದ್ಭುತಗಳು ನಡೆದ ಘಟನೆಗಳೂ ಅಲ್ಲ, ಯಾರೋ ಉದ್ದೇಶಪೂರ್ವಕವಾಗಿ ಹೆಣೆದ ಸುಳ್ಳುಗಳೂ ಅಲ್ಲ. ಮೆಸ್ಸೀಯನ ಬಗ್ಗೆ ಯೆಹೂದ್ಯರಿಗಿದ್ದ ನಿರೀಕ್ಷೆಯನ್ನು ತುಂಬಿಕೊಂಡಿದ್ದ ಆದಿಸಭೆಯ ನಂಬಿಕೆ ತಾನಾಗಿಯೇ ಕಥೆಯ ರೂಪ ತಾಳಿದ ಪುರಾಣಗಳು. ಟ್ಯೂಬಿಂಗನ್ನಿನ ಅವರ ಹುದ್ದೆ ಹೋಯಿತು. 1839ರಲ್ಲಿ ಜ್ಯೂರಿಕ್‌ನಲ್ಲಿ ಅವರಿಗೆ ಪ್ರಾಧ್ಯಾಪಕ ಹುದ್ದೆ ಸಿಕ್ಕಾಗ ಜನ ದಂಗೆ ಎದ್ದ ರೀತಿಗೆ, ಅವರು ಪಾಠ ಶುರು ಮಾಡುವ ಮೊದಲೇ ಪಿಂಚಣಿ ಕೊಟ್ಟು ಕಳಿಸಬೇಕಾಯಿತು; ಅದೇ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರವೂ ಉರುಳಿತು.

ಈ ಟ್ಯೂಬಿಂಗನ್ ನಮಗೆ ಅಷ್ಟೇನೂ ದೂರದ ಊರಲ್ಲ. ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಆರಂಭಿಸಿದ, ಕನ್ನಡ ಹಸ್ತಪ್ರತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಉಳಿಸಿದ ಹೆರ್ಮನ್ ಮೋಗ್ಲಿಂಗ್ ದೈವಶಾಸ್ತ್ರವನ್ನು ಓದಿದ್ದು ಅಲ್ಲಿಯೇ. ಸ್ಟ್ರೌಸ್ ಅವರ ಗ್ರಂಥ ಹೊರಬಂದ ಮರುವರ್ಷವೇ, ಅಂದರೆ 1836ರಲ್ಲಿ, ಅವರು ಬಾಸೆಲ್ ಮಿಷನ್ನಿನ ಮಿಷನರಿಯಾಗಿ ಈ ನಾಡಿಗೆ ಬಂದರು. ಮಲಯಾಳಂ ನಿಘಂಟುಕಾರರಾದ ಹೆರ್ಮನ್ ಗುಂಡರ್ಟ್ ಕೂಡ ಟ್ಯೂಬಿಂಗನ್ನಿನಲ್ಲಿ ಓದಿದವರೇ; ಅವರ ತಾರುಣ್ಯದಲ್ಲಿ ಸ್ಟ್ರೌಸ್ ಅವರ ವಿಚಾರಗಳ ಸೆಳೆತ ಬಲವಾಗಿತ್ತು. ಇವರು ಆ ವಿಮರ್ಶೆಯನ್ನು ಅರಿಯದ ಮುಗ್ಧ ಭಕ್ತರಾಗಿರಲಿಲ್ಲ. ಅದರ ಹತ್ತಿರದಲ್ಲೇ ಇದ್ದು, ಅದನ್ನು ಬಲ್ಲವರಾಗಿಯೇ, ಪಯಟಿಸಂ ಎಂಬ ಪ್ರೊಟೆಸ್ಟೆಂಟ್ ಭಕ್ತಿಪಂಥದ ದಾರಿಯನ್ನು ಆರಿಸಿಕೊಂಡವರು. ಕರ್ನಾಟಕದ ಪ್ರೊಟೆಸ್ಟೆಂಟ್ ಸಭೆಗಳಿಗೆ ಅವರ ನಂಬಿಕೆ ಪಿತ್ರಾರ್ಜಿತವಾಗಿ ಬಂದಿತು, ಆದರೆ ಆ ನಂಬಿಕೆ ಎದುರಿಸಿದ ಪ್ರಶ್ನೆಗಳು ಬರಲಿಲ್ಲ. ಇಂದಿನ ಅನೇಕ ಗೊಂದಲಗಳಿಗೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಭಾರತವಾದರೂ ಈ ಚರ್ಚೆಗೆ ತಡವಾಗಿ ಬಂದ ದೇಶವಲ್ಲ. ರಾಜಾ ರಾಮಮೋಹನ ರಾಯರು 1820ರಲ್ಲಿ ಕಲ್ಕತ್ತೆಯಲ್ಲಿ ಸುವಾರ್ತೆಗಳಿಂದ ಯೇಸುವಿನ ನೀತಿಬೋಧೆಗಳನ್ನು ಮಾತ್ರ ಆಯ್ದು, ಅದ್ಭುತಗಳನ್ನೂ ಸಿದ್ಧಾಂತಗಳನ್ನೂ ಬಿಟ್ಟು ಪ್ರಕಟಿಸಿದರು. ಶ್ರೀರಾಂಪುರದ ಬ್ಯಾಪ್ಟಿಸ್ಟ್ ಮಿಷನರಿ ಜೋಶುವಾ ಮಾರ್ಷ್‌ಮನ್ ಅದನ್ನು ಖಂಡಿಸಿದಾಗ ನಡೆದ ಉತ್ತರ ಪ್ರತ್ಯುತ್ತರಗಳಲ್ಲಿ, ನಂತರದ ನೂರು ವರ್ಷ ಯೂರೋಪಿನಲ್ಲಿ ನಡೆದ ವಾದದ ಮುಖ್ಯ ಅಂಶಗಳೆಲ್ಲ ಬಂದುಹೋಗಿವೆ: ಯೇಸುವಿನ ಬೋಧೆಯೇ ಸಾಕೆ, ಅಥವಾ ಯೇಸು ಯಾರೆಂಬುದನ್ನು ಒಪ್ಪದೆ ಆ ಬೋಧೆಗೆ ಬೆಲೆಯಿಲ್ಲವೆ?

ಉದಾರವಾದವು ತನ್ನ ಶಿಖರವನ್ನು ಮುಟ್ಟಿದ್ದು 1899–1900ರ ಚಳಿಗಾಲದಲ್ಲಿ, ಬರ್ಲಿನ್ನಿನಲ್ಲಿ ಅಡಾಲ್ಫ್ ಫಾನ್ ಹಾರ್ನಾಕ್ ಎಲ್ಲ ವಿಭಾಗಗಳ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸಮಾಲೆಯಲ್ಲಿ. ಹೊಟ್ಟನ್ನು ತೂರಿ ಕಾಳನ್ನು ಉಳಿಸಿಕೊಳ್ಳಬೇಕು ಎಂಬುದು ಅವರದೇ ಹೋಲಿಕೆ. ದೇವರ ರಾಜ್ಯ, ದೇವರ ಪಿತೃತ್ವ ಮತ್ತು ಮನುಷ್ಯನ ಆತ್ಮದ ಅನಂತ ಬೆಲೆ, ಪ್ರೀತಿಯ ಆಜ್ಞೆ, ಇವು ಕಾಳು. ಕ್ರಿಸ್ತನು ದೇವರೂ ಹೌದು, ಮನುಷ್ಯನೂ ಹೌದು ಎಂಬ ಎರಡು ಸ್ವಭಾವಗಳ ಸೂಕ್ಷ್ಮ ಸಿದ್ಧಾಂತಗಳೆಲ್ಲ ಸುವಾರ್ತೆಯು ಗ್ರೀಕ್ ತತ್ತ್ವಚಿಂತನೆಯ ನೆಲದಲ್ಲಿ ಬೆಳೆದಾಗ ಬಂದ ಹೊಟ್ಟು. ಈ ಚಿತ್ರದ ಸೌಂದರ್ಯವನ್ನು ಅಲ್ಲಗಳೆಯಲಾಗದು; ವಿಜ್ಞಾನವನ್ನೂ ಇತಿಹಾಸವನ್ನೂ ಓದಿದ ಒಂದು ಪೀಳಿಗೆಗೆ ಅದು ನೆಮ್ಮದಿಯನ್ನು ಕೊಟ್ಟಿತು. ಆದರೆ ಯಾವುದು ಕಾಳು, ಯಾವುದು ಹೊಟ್ಟು ಎಂದು ತೀರ್ಮಾನಿಸುವವರು ಯಾರು? ಆಲ್ಬರ್ಟ್ ಶ್ವೈಟ್ಜರ್ 1906ರಲ್ಲಿ ತೋರಿಸಿದ್ದು ಇದನ್ನೇ: ಚರಿತ್ರೆಯ ಯೇಸುವನ್ನು ಹುಡುಕಲು ಹೊರಟ ಪಂಡಿತರು ಒಬ್ಬೊಬ್ಬರೂ ತಮ್ಮ ಕಾಲದ ಆದರ್ಶಪುರುಷನನ್ನೇ ಕಂಡುಕೊಂಡಿದ್ದರು, ಮೊದಲ ಶತಮಾನದ ಯೇಸುವಾದರೋ ಲೋಕದ ಅಂತ್ಯವನ್ನು ಸಮೀಪದಲ್ಲೇ ನಿರೀಕ್ಷಿಸಿದ, ಅವರಿಗೆ ಅಪರಿಚಿತನಾದ ವ್ಯಕ್ತಿ.

ಇನ್ನೂ ಕಠಿಣವಾದ ಪೆಟ್ಟು 1914ರಲ್ಲಿ ಬಿತ್ತು. ಆ ಅಕ್ಟೋಬರಿನಲ್ಲಿ ಜರ್ಮನಿಯ ಯುದ್ಧವನ್ನು ಸಮರ್ಥಿಸಿ 93 ಜರ್ಮನ್ ಬುದ್ಧಿಜೀವಿಗಳು ಹೊರಡಿಸಿದ ಹೇಳಿಕೆಗೆ ಹಾರ್ನಾಕ್ ಕೂಡ ಸಹಿ ಹಾಕಿದ್ದರು. ಸ್ವಿಟ್ಜರ್ಲೆಂಡಿನ ಸಾಫೆನ್‌ವಿಲ್ ಎಂಬ ಸಣ್ಣ ಊರಿನ ಸಭಾಪಾಲಕರಾಗಿದ್ದ ಕಾರ್ಲ್ ಬಾರ್ತ್ ತಮ್ಮ ಗುರುಗಳ ಹೆಸರುಗಳನ್ನು ಆ ಪಟ್ಟಿಯಲ್ಲಿ ಕಂಡು ಕಂಗಾಲಾದರು. ದೇವರ ಧ್ವನಿಯನ್ನು ಮನುಷ್ಯನ ಅನುಭವ ಮತ್ತು ಸಂಸ್ಕೃತಿಯ ಒಳಗಿನಿಂದಲೇ ಕೇಳಬೇಕು ಎನ್ನುವವರಿಗೆ, ಆ ಸಂಸ್ಕೃತಿಯೇ ದಾರಿತಪ್ಪಿದಾಗ ಅದಕ್ಕೆ ಎದುರಾಗಿ ನುಡಿಯುವ ಮಾತು ಎಲ್ಲಿಂದ ಬರಬೇಕು? ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ ಬಾರ್ತ್ ಬರೆದ, 1922ರಲ್ಲಿ ಸಂಪೂರ್ಣವಾಗಿ ತಿದ್ದಿ ಪ್ರಕಟಿಸಿದ ವ್ಯಾಖ್ಯಾನದ ಹಿಂದೆ ಈ ಪ್ರಶ್ನೆಯಿದೆ. ಉದಾರವಾದಕ್ಕೆ ಬಂದ ಉತ್ತರಗಳಲ್ಲಿ ಅತ್ಯಂತ ತೂಕದ್ದು ಇದೇ ಎಂದು ನಾನು ಭಾವಿಸುತ್ತೇನೆ. ಐತಿಹಾಸಿಕ ವಿಮರ್ಶೆಯನ್ನು ಬಾರ್ತ್ ನಿಷೇಧಿಸಲಿಲ್ಲ, ಅದಕ್ಕೆ ಕೊನೆಯ ಮಾತನ್ನು ಆಡುವ ಹಕ್ಕನ್ನು ಮಾತ್ರ ಕೊಡಲಿಲ್ಲ.

ಅಮೆರಿಕದಲ್ಲಿ ಉತ್ತರದ ಧಾಟಿ ಬೇರೆಯಾಗಿತ್ತು. 1910ರಿಂದ 1915ರವರೆಗೆ ಮೂಲಭೂತ ತತ್ತ್ವಗಳ ಸಮರ್ಥನೆಗಾಗಿ ಹನ್ನೆರಡು ಕಿರುಸಂಪುಟಗಳು ಹೊರಬಂದು ಉಚಿತವಾಗಿ ಹಂಚಲ್ಪಟ್ಟವು. ‘ಫಂಡಮೆಂಟಲಿಸ್ಟ್’ ಎಂಬ ಹೆಸರು ಬಂದದ್ದು ಆ ಹಿನ್ನೆಲೆಯಿಂದ, 1920ರಲ್ಲಿ. ಪ್ರಿನ್ಸ್‌ಟನ್ನಿನ ಗ್ರೆಶಮ್ ಮೇಚನ್ 1923ರಲ್ಲಿ ಉದಾರವಾದವು ಕ್ರೈಸ್ತಧರ್ಮದ ಒಂದು ಬಗೆಯಲ್ಲ, ಬೇರೆಯೇ ಒಂದು ಧರ್ಮ ಎಂದು ವಾದಿಸಿದರು. ಅವರ ತೀರ್ಮಾನ ಕಟುವಾಗಿದ್ದರೂ, ಆಧಾರವೇ ಬದಲಾಗಿದೆ ಎಂಬುದನ್ನು ಅವರು ಸರಿಯಾಗಿ ಗುರುತಿಸಿದ್ದರು. ಕಥೋಲಿಕ ಸಭೆಯಲ್ಲಿ ಪೋಪ್ ಹತ್ತನೆಯ ಪಯಸ್ 1907ರಲ್ಲಿ ಆಧುನಿಕವಾದವನ್ನು, ಅಂದರೆ ಆ ಸಭೆಯೊಳಗೇ ಹುಟ್ಟಿದ್ದ ಇಂಥದೇ ಚಿಂತನೆಯನ್ನು ಖಂಡಿಸಿದರು. 1910ರಿಂದ 1967ರವರೆಗೆ ಗುರುಗಳೂ ಸೆಮಿನರಿಯ ಅಧ್ಯಾಪಕರೂ ಅದರ ವಿರುದ್ಧ ಪ್ರಮಾಣವಚನ ಸ್ವೀಕರಿಸಬೇಕಾಗಿತ್ತು. ಆದರೆ 1943ರಲ್ಲಿ ಹನ್ನೆರಡನೆಯ ಪಯಸ್ ಬೈಬಲ್ಲಿನ ಸಾಹಿತ್ಯಪ್ರಕಾರಗಳ ಅಧ್ಯಯನಕ್ಕೆ ಬಾಗಿಲು ತೆರೆದರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಅದನ್ನು ದೃಢಪಡಿಸಿತು.

ಇಷ್ಟೆಲ್ಲದರ ನಡುವೆ ಸವಾಲು ಅತ್ಯಂತ ತೀಕ್ಷ್ಣವಾಗುವುದು ಪುನರುತ್ಥಾನದ ವಿಷಯದಲ್ಲಿ. ಉದಾರವಾದಿಗಳಲ್ಲಿ ಅನೇಕರು ‘ಯೇಸು ಎದ್ದನು’ ಎಂಬುದನ್ನು ನಿರಾಕರಿಸುವುದಿಲ್ಲ, ಅದರ ಅರ್ಥವನ್ನು ಬದಲಿಸುತ್ತಾರೆ: ಆತನು ಸತ್ತ ಮೇಲೆಯೂ ತಮ್ಮ ನಡುವೆ ಜೀವಂತನಾಗಿದ್ದಾನೆಂದು ಶಿಷ್ಯರಿಗೆ ಖಚಿತವಾಯಿತು, ಆ ಖಚಿತತೆಯೇ ಪುನರುತ್ಥಾನ, ಸಮಾಧಿಗೆ ಏನಾಯಿತೆಂಬುದು ಮುಖ್ಯವಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ, ಕ್ರಿಸ್ತನು ಎದ್ದುಬರದಿದ್ದರೆ ನಮ್ಮ ಬೋಧನೆಯೂ ನಿಮ್ಮ ನಂಬಿಕೆಯೂ ವ್ಯರ್ಥ ಎನ್ನುತ್ತಾನೆ. ಕಂಡವರಲ್ಲಿ ಕೆಲವರ ಹೆಸರುಗಳನ್ನು ಕೊಡುತ್ತಾನೆ, ಒಮ್ಮೆಗೇ ಕಂಡ ಐನೂರಕ್ಕೂ ಹೆಚ್ಚು ಮಂದಿಯಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆಂದೂ ಸೇರಿಸುತ್ತಾನೆ. ಇದು ಒಳಗಿನ ಅನುಭವವನ್ನಷ್ಟೇ ವರ್ಣಿಸುವವನು ಮಾತಾಡುವ ರೀತಿಯಲ್ಲ. ವಿಶ್ವಾಸಪ್ರಮಾಣವೂ ‘ಪೊಂತ್ಯ ಪಿಲಾತ’ ಎಂಬ ರೋಮನ್ ಅಧಿಪತಿಯ ಹೆಸರನ್ನು ಹೇಳಿ ತನ್ನನ್ನು ಒಂದು ಕಾಲಕ್ಕೆ, ಒಂದು ಆಡಳಿತಕ್ಕೆ ಕಟ್ಟಿಕೊಂಡಿದೆ. ಹೀಗೆ ಕಟ್ಟಿಕೊಂಡ ನಂಬಿಕೆ ಇತಿಹಾಸಕಾರನ ಪ್ರಶ್ನೆಗೆ ಬೆನ್ನು ತಿರುಗಿಸುವಂತಿಲ್ಲ ಎಂಬುದು ಸಂಪ್ರದಾಯವಾದಿಗಳು ಒಪ್ಪಬೇಕಾದ ಮಾತು. ಆ ನಂಬಿಕೆಯನ್ನು ಪೂರ್ತಿಯಾಗಿ ಅನುಭವದೊಳಕ್ಕೆ ಎಳೆದುಕೊಂಡರೆ ಅದು ಹೇಳಲು ಹೊರಟ ವಿಷಯವೇ ಉಳಿಯುವುದಿಲ್ಲ ಎಂಬುದು ಉದಾರವಾದಿಗಳು ಒಪ್ಪಬೇಕಾದ ಮಾತು.

ಬೆಂಗಳೂರು ಈ ಚರ್ಚೆಗೆ ಹೇಳಿ ಮಾಡಿಸಿದಂಥ ನಗರ. 1910ರಲ್ಲಿ ಆರಂಭವಾದ, ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಲ್ಲೇಶ್ವರದ ಸೇಂಟ್ ಪೀಟರ್ಸ್ ಸೆಮಿನರಿ, ಕಥೋಲಿಕ ವಿದ್ಯಾಕೇಂದ್ರವಾದ ಧರ್ಮಾರಾಮ್, ಕೊತ್ತನೂರಿನಲ್ಲಿ ಸುವಾರ್ತಾಪರ ನಿಲುವಿನ ದೈವಶಾಸ್ತ್ರ ಸಂಸ್ಥೆಯಾದ ಸಯಾಕ್ಸ್, ಇವೆಲ್ಲ ಒಂದೇ ಊರಿನಲ್ಲಿವೆ. ಇಲ್ಲಿ ಚರ್ಚೆಗೆ ಯೂರೋಪಿನಲ್ಲಿ ಇಲ್ಲದ ಒಂದು ತಿರುವು ಬಂದಿತು. ಅಲ್ಲಿನ ಉದಾರವಾದಿಗಳನ್ನು ಕಾಡಿದ್ದು ಸಂದೇಹವಾದಿಯಾದ ವಿದ್ಯಾವಂತ. ಇಲ್ಲಿನವರ ಎದುರಿಗಿದ್ದದ್ದು ಅನ್ಯಧರ್ಮದ ನೆರೆಯವರು. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿ, ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಬೋಧಿಸಿ, 1971ರಲ್ಲಿ ಜಾಗತಿಕ ಸಭಾ ಮಂಡಳಿಯ ಅಂತರ್ಧರ್ಮ ಸಂವಾದ ವಿಭಾಗದ ಮೊದಲ ನಿರ್ದೇಶಕರಾದ ಸ್ಟ್ಯಾನ್ಲಿ ಸಮರ್ಥರು, ಕ್ರಿಸ್ತನು ಕ್ರೈಸ್ತರಿಗೆ ನಿರ್ಣಾಯಕನಾದರೂ ದೇವರ ರಹಸ್ಯವು ಆತನೊಬ್ಬನಲ್ಲಿಯೇ ಮುಗಿದುಹೋಗುವುದಿಲ್ಲ ಎಂಬ ನಿಲುವಿಗೆ ಬಂದರು. ಬೆಂಗಳೂರಿನ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯನ್ನು 1962ರಿಂದ ಮುನ್ನಡೆಸಿದ ಎಂ. ಎಂ. ಥಾಮಸರನ್ನೂ ಅನೇಕರು ಇದೇ ಸಾಲಿನಲ್ಲಿ ನಿಲ್ಲಿಸುತ್ತಾರೆ, ಅದು ಸರಿಯೆನಿಸುವುದಿಲ್ಲ. ಸಾಮಾಜಿಕ ನ್ಯಾಯಕ್ಕಾಗಿ ಅವರು ಎಷ್ಟೇ ದೂರ ಹೋದರೂ, ಅವರ ಚಿಂತನೆಯ ಕೇಂದ್ರದಲ್ಲಿ ಶಿಲುಬೆಗೇರಿ ಎದ್ದ ಕ್ರಿಸ್ತನೇ ಇದ್ದನು. ರಾಜಕೀಯದ ಎಡಪಂಥವನ್ನೂ ದೈವಶಾಸ್ತ್ರದ ಉದಾರವಾದವನ್ನೂ ಒಂದೇ ಎಂದು ತಿಳಿಯುವುದು ನಮ್ಮಲ್ಲಿ ಪದೇಪದೇ ನಡೆಯುವ ತಪ್ಪು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಅದರ ಒಕ್ಕೂಟದ ಆಧಾರಪತ್ರವು ಅಪೊಸ್ತಲರ ಮತ್ತು ನೈಸೀಯ ವಿಶ್ವಾಸಪ್ರಮಾಣಗಳನ್ನು ಸ್ವೀಕರಿಸಿತು. ಜೊತೆಗೆ, ಅವುಗಳ ಪ್ರತಿಯೊಂದು ಪದಕ್ಕೂ ಪ್ರತಿಯೊಬ್ಬರ ಒಪ್ಪಿಗೆಯನ್ನು ಕೇಳುವ ಉದ್ದೇಶವಿಲ್ಲ, ಅರ್ಥೈಸುವುದಕ್ಕೆ ಯುಕ್ತವಾದ ಸ್ವಾತಂತ್ರ್ಯವನ್ನು ಹೊರಗಿಡುವ ಉದ್ದೇಶವೂ ಇಲ್ಲ ಎಂಬ ಟಿಪ್ಪಣಿಯನ್ನೂ ಅದಕ್ಕೆ ಸೇರಿಸಲಾಗಿತ್ತು. ಭಾನುವಾರ ಎದ್ದು ನಿಂತು ಆ ಪ್ರಮಾಣವನ್ನು ಕನ್ನಡದಲ್ಲಿ ಹೇಳುವ ಬೆಂಗಳೂರಿನ ಸಾವಿರಾರು ಮಂದಿಯಲ್ಲಿ ಈ ಟಿಪ್ಪಣಿಯನ್ನು ಕೇಳಿದವರು ಬಹಳ ಕಡಿಮೆ ಎಂಬುದು ನನ್ನ ಅನುಭವ. ಸೆಮಿನರಿಯಲ್ಲಿ ಎರಡು ಪ್ರಳಯಕಥನಗಳನ್ನು ಕಲಿತ ಸಭಾಪಾಲಕರು, ಹಿರಿಯರು ನೊಂದುಕೊಂಡಾರೆಂಬ ಅಂಜಿಕೆಯಿಂದ, ಪ್ರಸಂಗಪೀಠದಲ್ಲಿ ಅದರ ಸುದ್ದಿಯೆತ್ತುವುದಿಲ್ಲ. ಸಭೆಯ ಯುವಕ ಯುವತಿಯರಾದರೋ ಅದನ್ನೇ ಮೊಬೈಲಿನ ಯಾವುದೋ ವಿಡಿಯೋದಲ್ಲಿ, ಕ್ರೈಸ್ತಧರ್ಮವನ್ನು ಹಳಿಯುವವರ ಬಾಯಿಂದ ಮೊದಲ ಬಾರಿಗೆ ಕೇಳಿ, ಸಭೆ ತಮ್ಮಿಂದ ಏನನ್ನೋ ಮುಚ್ಚಿಟ್ಟಿತ್ತೆಂದು ತಿಳಿಯುತ್ತಾರೆ. ಆದಿಕಾಂಡದ ಆ ಮೂರು ಅಧ್ಯಾಯಗಳನ್ನೂ ಕೊರಿಂಥದ ಆ ಹದಿನೈದನೆಯ ಅಧ್ಯಾಯವನ್ನೂ ಯುವಜನರ ಸತ್ಯವೇದ ಅಧ್ಯಯನದಲ್ಲಿ ಕೆಲವು ವಾರ ಬಿಡಿಸಿ ಓದಲು ಯಾವ ಸಭೆಯೂ ಸಿನಡ್ಡಿನ, ಅಂದರೆ ಮೇಲಿನ ಆಡಳಿತ ಮಂಡಳಿಯ ಅನುಮತಿಗೆ ಕಾಯಬೇಕಾಗಿಲ್ಲ. ಮೊದಲನೆಯದರಲ್ಲಿ ಉದಾರವಾದಿಗಳು ಕಂಡದ್ದನ್ನು ಅವರು ತಾವೇ ಕಾಣುತ್ತಾರೆ; ಎರಡನೆಯದರಲ್ಲಿ ಉದಾರವಾದಿಗಳಿಗೆ ಪೂರ್ತಿಯಾಗಿ ಜೀರ್ಣಿಸಿಕೊಳ್ಳಲಾಗದೆ ಉಳಿದದ್ದನ್ನೂ ಕಾಣುತ್ತಾರೆ.